ಗೂಡ್ಸ್ ಗಾಡಿ ದಾಟುವ ತನಕ ಊದು

ಮದುವೆಯಲ್ಲಿ ಊದುವ ಸನ್ನಾಯಿ ಕಲಿಸುತ್ತೇನೆಂದು ಮಕ್ಕಳನ್ನು ಕೂರಿಸಿಕೊಂಡು, ವರ್ಷಗಟ್ಟಲೆ ಬರೀ ನೀರು ಊದಿಸುವ ಮನುಷ್ಯ ಇಡೀ ಆದೋನಿಯಲ್ಲಿ ಒಬ್ಬರೇ ಇದ್ದಾರೆ. ಅವರು ನನಗೇ ಸೋದರಮಾವ ಆಗಬೇಕೆ!

ನಾನು ಸೀರೆ ವ್ಯಾಪಾರದವಳು. ಗಂಡ ತೀರಿಕೊಂಡಾಗ ಮಗಳಿಗೆ ಎರಡು ವರ್ಷ. ಸೀರೆಯ ಗಂಟು ಹೊತ್ತು ದೇವನಕೊಂಡದ ತನಕ ಊರೂರು ತಿರುಗಿ, ಈಗ ಸ್ವಂತ ಅಂಗಡಿ ಇಟ್ಟಿದ್ದೇನೆ. ಗಿರಾಕಿ ಮೆಟ್ಟಿಲು ಹತ್ತುವ ರೀತಿ ನೋಡಿಯೇ ಆಕೆ ಕೊಳ್ಳುವವಳೋ, ಬರೀ ಮಡಿಕೆ ಬಿಚ್ಚಿಸಿ ಹೋಗುವವಳೋ ಹೇಳಬಲ್ಲೆ. ಅಂಥ ನನ್ನ ಚೌಕಾಸಿ ನಡೆಯದಿದ್ದದ್ದು ಈ ಮಾಮನ ಮುಂದೆ ಮಾತ್ರ.

ಅವರ ಪಾಠ ಹೀಗೆ: ಮಗುವಿನ ಮುಂದೆ ಒಂದು ತಂಬಿಗೆ ನೀರು, ಬಾಯಲ್ಲಿ ಪಪ್ಪಾಯಿ ಎಲೆಯ ದಂಟು. ಊದಬೇಕು, ನೀರು ಗುಳುಗುಳು ಅನ್ನಬೇಕು. ಮೂಗಿನಿಂದ ಉಸಿರು ಎಳೆದುಕೊಳ್ಳುವಾಗಲೂ ಕೆನ್ನೆಯಲ್ಲಿ ಕೂಡಿಟ್ಟ ಗಾಳಿಯಿಂದ ಗುಳ್ಳೆ ಏಳುತ್ತಲೇ ಇರಬೇಕು. ಮಾಮನ ಮನೆ ರೈಲು ಹಳಿಯ ಪಕ್ಕ. ಗೂಡ್ಸ್ ಗಾಡಿ ಬಂತೆಂದರೆ ಪರೀಕ್ಷೆ! ಇಂಜಿನ್ ಕಂಡಾಗ ಶುರು, ಕೊನೆಯ ಡಬ್ಬಿ ದಾಟುವ ತನಕ ಗುಳ್ಳೆ ನಿಲ್ಲಕೂಡದು. ನಿಂತರೆ? ಮುಂದಿನ ಗಾಡಿ ಬರುವವರೆಗೆ ಕಾಯಿ. ಇದರಲ್ಲಿ ಗೆದ್ದವರಿಗಷ್ಟೇ ಸನ್ನಾಯಿ ಮುಟ್ಟುವ ಯೋಗ. ಗಾಡಿ ಬೇಗ ಹೋಗಲಪ್ಪಾ ಎಂದು ನಮ್ಮೂರಲ್ಲಿ ದೇವರಿಗೆ ಕೈಮುಗಿಯುವವರು ಇಬ್ಬರೇ: ಗೇಟಿನಲ್ಲಿ ನಿಂತ ಆಟೋದವರು ಮತ್ತು ಮಾಮನ ಶಿಷ್ಯರು.

ಎದುರು ಮನೆಗೆ ಹೊಸದಾಗಿ ಬಂದವಳೊಬ್ಬಳು ಆರು ಮಕ್ಕಳ ಗುಳುಗುಳು ಕೇಳಿ, ಒಳಗೆ ಯಾವುದೋ ದೊಡ್ಡ ಅಡುಗೆ ಕುದಿಯುತ್ತಿದೆ ಎಂದುಕೊಂಡು, ಊಟದ ಹೊತ್ತಿಗೆ ರೇಷ್ಮೆ ಸೀರೆ ಉಟ್ಟು ಬಂದೇಬಿಟ್ಟಳು. ಸೀರೆ ನನ್ನ ಅಂಗಡಿಯದು. ಆದ್ದರಿಂದ ನಾನು ನಗಲಿಲ್ಲ.

ನನ್ನ ಮಗಳು ರೇಣು ಎಂಟು ವರ್ಷದವಳಿದ್ದಾಗ, ತಾತನ, ಅಂದರೆ ಈ ಮಾಮನ, ಹತ್ತಿರವೇ ಸನ್ನಾಯಿ ಕಲಿಯುತ್ತೇನೆಂದು ಹಟ ಹಿಡಿದಳು. ಹಳೆಯ ಗಿರಾಕಿಯನ್ನು ವಿಚಾರಿಸದೆ ನಾನು ಯಾವ ಮಾಲನ್ನೂ ಎತ್ತುವವಳಲ್ಲ. ನೀವೂ ಅಷ್ಟೆ, ಮಕ್ಕಳಿಗೆ ಗುರುವನ್ನು ಹುಡುಕುವಾಗ ಗೋಡೆಯ ಮೇಲಿನ ಸನ್ಮಾನದ ಫೋಟೋ ನೋಡಬೇಡಿ. ಅವರ ಕೈಯಲ್ಲಿ ಚಿಕ್ಕಂದಿನಲ್ಲಿ ಕಲಿತವರು ಇವತ್ತು ಏನಾಗಿದ್ದಾರೆ, ಅದನ್ನು ನೋಡಿ. ನಾನು ನೋಡಲು ಹೊರಟೆ.

ಮೊದಲನೆಯವನು ಪತ್ತಿಕೊಂಡದ ಬಸ್ಸಿನ ಕಂಡಕ್ಟರ್. ದಾರಿಯ ಅಷ್ಟೂ ಊರುಗಳನ್ನು ಒಂದೇ ಉಸಿರಿನಲ್ಲಿ ಕೂಗುತ್ತಾನೆ. ನಡುವೆ ಬಾಯಿ ಹಾಕಲು ಪ್ರಯಾಣಿಕರಿಗೆ ಸಂದಿಯೇ ಇಲ್ಲ.

"ಕಲ್ತಿದ್ದು ಬಿಟ್ಟೆ ಅಂತ ಬ್ಯಾಸರ ಇಲ್ಲೇನಪಾ?" ಎಂದೆ.

"ಸನ್ನಾಯಿ ಬಿಟ್ಟೀನಿ ಅಕ್ಕಾ, ಊದೋದು ಎಲ್ಲಿ ಬಿಟ್ಟೀನಿ!" ಎಂದವನೇ ವಿಸಿಲ್ ಊದಿದ. ಬಸ್ಸು ಆಸ್ಪರಿ ಮುಟ್ಟಿದರೂ ಅದು ನಿಂತಿರಲಿಲ್ಲ.

ಎರಡನೆಯವನು ಬಳ್ಳಾರಿಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಊದುತ್ತಾನೆ. ಮೆರವಣಿಗೆಯಲ್ಲಿ ಮಿಕ್ಕವರೆಲ್ಲ ಸುಸ್ತಾಗಿ ಸೋಡಾ ಕುಡಿಯುವಾಗ ಇವನಿಗೆ ಸುಸ್ತೇ ಆಗುವುದಿಲ್ಲ. ಹಾಗಾಗಿ ಇವನಿಗೆ ಇವತ್ತಿನವರೆಗೂ ಒಂದು ಸೋಡಾ ಸಿಕ್ಕಿಲ್ಲ. ಗುರುವಿನ ಮೇಲೆ ಅದೊಂದೇ ದೂರು.

ಮೂರನೆಯವನು ಮಾಧವರಂನವನು, ದೊಡ್ಡ ಮೇಳದಲ್ಲಿ ಸನ್ನಾಯಿ ನುಡಿಸುತ್ತಾನೆ. ಅವನು ತಮಾಷೆ ಮಾಡಲಿಲ್ಲ. "ರಾಗ ಆಮ್ಯಾಲೆ ನಾಕು ಮಂದಿ ಹತ್ರ ಕಲ್ತೆ ಅಕ್ಕಾ. ತಪ್ಪು ಕಲ್ತಿದ್ದನ್ನ ತಿದ್ದಿಕೊಂಡೆ. ಆದ್ರ ಉಸಿರು ಸಣ್ಣಾಂವ ಇದ್ದಾಗ ಹೆಂಗ ಕುಂತಿತ್ತೋ ಇವತ್ತಿಗೂ ಹಂಗ ಐತಿ. ದೊಡ್ಡಾಂವ ಆದ ಮ್ಯಾಲೆ ಅದನ್ನ ಯಾರಿಂದಾನೂ ಹಾಕ್ಸಿಕೊಳ್ಳಾಕ ಆಗಂಗಿಲ್ಲ," ಎಂದ.

ಮಾಲು ಪಾಸಾಯಿತು. ಆದರೂ ಚೌಕಾಸಿ ಮಾಡದೆ ಬರಲಾದೀತೆ?

"ಮಾಮಾ, ಎರಡು ವರ್ಷ ನೀರು ಊದಿಸೋದು ಭಾಳ ಆತು. ಆರು ತಿಂಗಳು ಮಾಡು."

"ಮೂರು ವರ್ಷ."

"ಹೋಗ್ಲಿ ಬಿಡು, ಒಂದು ವರ್ಷ!"

"ನಾಕು."

ಇನ್ನೊಂದು ಸಲ ಬಾಯಿ ತೆರೆದಿದ್ದರೆ ಮಗಳು ತಂಬಿಗೆಯ ಮುಂದೆಯೇ ಮುದುಕಿಯಾಗುತ್ತಿದ್ದಳು. ನಾಲ್ಕಕ್ಕೇ ಒಪ್ಪಿ ಬಂದೆ.

ಈಗ ರೇಣುಗೆ ಹದಿನೆಂಟು. ಮೊನ್ನೆ ಪತ್ತಿಕೊಂಡದ ಮೇಳವೊಂದರ ಯಜಮಾನರು ಅವಳ ಸನ್ನಾಯಿ ಕೇಳಿ ನನ್ನ ಅಂಗಡಿಗೇ ಬಂದರು. "ಅಮ್ಮಾ, ಹುಡುಗಿ ಸನ್ನಾಯಿ ಊದ್ತಾಳ ಅಂದ್ರ ಈಗ ಮಸ್ತು ಡಿಮ್ಯಾಂಡ್ ಐತ್ರಿ. ಬರೋ ಮುಹೂರ್ತಕ್ಕ ಕಳಸ್ರಿ. ಛಲೋ ಊದಿದ್ರ ನಮ್ಮ ಮೇಳದಾಗ ಆಕಿ ಜಾಗ ಖಾಯಂ. ಎರಡು ದಿನದಾಗ ಹೇಳ್ರಿ, ಇಲ್ಲಾಂದ್ರ ಬ್ಯಾರೆಯವರನ್ನ ನೋಡ್ತೀನಿ."

ಮಗಳು ಕುಣಿದಾಡಿದಳು. ಮಾಮ ಒಂದೇ ಮಾತು ಹೇಳಿದರು: "ಬ್ಯಾಡ." ಗುರು ಬೇಡವೆಂದ ಮೇಲೆ ಅವಳು ಹೋಗುವವಳಲ್ಲ, ಮೂಲೆಯಲ್ಲಿ ಕೂತು ಅತ್ತಳು. ನಾನು ಸೆರಗು ಸಿಕ್ಕಿಸಿ, ಅವಳನ್ನೂ ಕರೆದುಕೊಂಡು, ಮಾಮನ ಮನೆಗೆ ನಡೆದೆ. ಅವಳು ಹೊಸ್ತಿಲಲ್ಲೇ ನಿಂತಳು.

"ಯಾಕ ಬ್ಯಾಡ ಮಾಮಾ? ಆಕಿ ರಾಗ ಸರಿ ಇಲ್ಲೇನು?"

"ಐತಿ."

"ಉಸಿರು?"

"ನನಗಿಂತ ಗಟ್ಟಿ."

"ಮತ್ತ ಏನು ಧಾಡಿ ನಿಂಗ?"

"ಮೆರವಣಿಗಿಗೆ ಊದ್ಲಿ. ಊಟದ ಹೊತ್ತಿಗೆ ಊದ್ಲಿ. ತಾಳಿ ಕಟ್ಟೋ ಹೊತ್ತಿಗೆ ಬ್ಯಾಡ."

"ತಾಳಿ ಹೊತ್ತಿಗೆ ಸುಮ್ಮನಿರೋ ಸನ್ನಾಯಿ ಯಾರಿಗೆ ಬೇಕು? ನಾ ಅರ್ಧ ಸೀರಿ ಹರಿದು ಮಾರ್ತೀನೇನು!"

ಎಂದೂ ನನಗೆ ಸೋಲದವರು ತಲೆ ತಗ್ಗಿಸಿದರು. "ನಿನ್ನ ಮದುವ್ಯಾಗ ನಾನ ಊದಿದ್ದೆ. ತಾಳಿ ಕಟ್ಟೋ ಹೊತ್ತಿಗೆ ಕಣ್ಣಾಗ ನೀರು ಬಂತು, ಉಸಿರು ಕಡೀತು. ಊರಿಗೆಲ್ಲಾ ಕಲಿಸ್ದಾಂವಂದ ಕಡೀತು, ಅಪಶಕುನ ಆತು. ನಾಕು ವರ್ಷಕ್ಕ ನಿನ್ನ ಗಂಡ ಹೋದ. ಅವತ್ತಿನಿಂದ ನಾ ಯಾವ ಮುಹೂರ್ತಕ್ಕೂ ಊದಿಲ್ಲ. ನಾಳೆ ಈಕಿದು ಕಡದು, ಯಾರದೋ ಮನಿ..."

ಹದಿನಾರು ವರ್ಷ ಈ ಮನುಷ್ಯ ತನಗೆ ಸಂಬಂಧವೇ ಇಲ್ಲದ ಸಾವೊಂದನ್ನು ಹೊತ್ತು ತಿರುಗಿದ್ದರು. ನಾನೋ, ತಂಬಿಗೆ ನೀರಿಗೆ ಚೌಕಾಸಿ ಮಾಡಿಕೊಂಡಿದ್ದೆ!

"ಮಾಮಾ, ಅವ್ರಿಗೆ ಜ್ವರ ಬಂದಿತ್ತು. ಡಾಕ್ಟರ್ ಹತ್ರ ತಡ ಮಾಡಿ ಹೋದ್ವಿ. ಸನ್ನಾಯಿಗೂ ಅದಕ್ಕೂ ಏನು?"

ಅವರು ತಲೆ ಎತ್ತಲಿಲ್ಲ.

"ನನ್ನ ಮದುವಿ ಹೊತ್ತಿಗೆ ಅಪ್ಪ ಇರಲಿಲ್ಲ ನಂಗ," ಎಂದೆ. ನನ್ನ ದನಿ ನನ್ನ ಕೈಯಲ್ಲಿರಲಿಲ್ಲ. "ಗಂಡ ಸತ್ತಾಕಿ ಅಂತ ಅವ್ವನ್ನ ಒಳಗ ಕುಂದ್ರಿಸಿದ್ರು. ಪೆಂಡಾಲ್ ತುಂಬ ಮಂದಿ, ನಮ್ಮೋರು ಅನ್ನೋ ಒಂದು ಮುಖ ಕಾಣಲಿಲ್ಲ. ಸನ್ನಾಯಿ ನಿಂತು, ನೀ ಬಿಕ್ಕಿದ್ದು ಕೇಳ್ತು. ಓ, ನನ್ನ ಸಲುವಾಗಿ ಅಳೋರು ಒಬ್ರು ಅದಾರ ಅಂತ ಧೈರ್ಯ ಬಂತು. ಆಮ್ಯಾಲೇ ನಾ ತಲಿ ಬಗ್ಗಿಸಿ ತಾಳಿ ಕಟ್ಟಿಸಿಕೊಂಡಿದ್ದು."

ಮಾಮ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು, ಹೊಸ್ತಿಲಲ್ಲಿದ್ದ ರೇಣುವನ್ನು ಹತ್ತಿರ ಕರೆದರು.

"ಹೋಗವ್ವಾ ಮುಹೂರ್ತಕ್ಕ. ಮಂದಿ ಮದುವ್ಯಾಗ ಉಸಿರು ಕಡೀಬ್ಯಾಡ." ನನ್ನ ಕಡೆ ನೋಡದೆ ಹೇಳಿದರು: "ನಿನ್ನೋರ ಮದುವ್ಯಾಗ ಕಡದ್ರ ಕಡೀಲಿ. ಹಿಡೀಬ್ಯಾಡ."