ಧಾಬಳಿಯೊಳಗಿನ ಮದರ್‌ಬೋರ್ಡ್

ಅರ್ಧ ವಿಷಯ ಹೇಳಿ, ಪೂರ್ತಿ ಹೇಳಿದವನ ಹಾಗೆ ಸುಮ್ಮನೆ ಕೂತುಬಿಡುವುದು ನನ್ನ ಹುಟ್ಟುಗುಣ. ಸೇಡಂನ ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು ನಾನು. ಹುಡುಗರು ಲೆಕ್ಕದ ನಡುವೆ ಒಂದು ಹಂತ ಹಾರಿಸಿದರೂ ಕೆಂಪು ಗೆರೆ ಎಳೆಯುತ್ತೇನೆ. ಮನೆಯಲ್ಲಿ ಮಾತ್ರ ಹಂತಗಳನ್ನು ಹಾರಿಸಿಕೊಂಡೇ ಸಂಸಾರ ಮಾಡಿದ್ದೇನೆ. ಏನಾದರೂ ಎಡವಟ್ಟಾದರೆ ಕೆಂಪು ಗೆರೆ ಎಳೆಯಲು ಹೆಂಡತಿ ಇದ್ದಾಳೆ, ಅವ್ವ ಇದ್ದಾಳೆ.

ನಮ್ಮೂರಿಗೆ ಕಂಪ್ಯೂಟರ್ ಇನ್ನೂ ಹೊಸದಾಗಿದ್ದ ಕಾಲ. ನನ್ನ ಹೆಂಡತಿ ವತ್ಸಲಾ ಮದುವೆಗೆ ಮುಂಚೆಯೇ ಕನ್ನಡ ಟೈಪಿಂಗ್, ಕಂಪೋಸಿಂಗ್ ಎಲ್ಲ ಕಲಿತು, ಕಲಿತದ್ದನ್ನು ಗಂಟು ಕಟ್ಟಿ ಅಟ್ಟಕ್ಕೆ ಹಾಕಿಟ್ಟವಳಂತೆ ವರ್ಷಗಟ್ಟಲೆ ಕಾದಿದ್ದಳು. ಕಡೆಗೊಮ್ಮೆ ಬಜಾರಿನ ಪ್ರೆಸ್ಸಿನ ಮಾಲಕರು ಒಂದು ಲಗ್ನಪತ್ರಿಕೆಯಲ್ಲಿ ಅಚ್ಚಾಗಬೇಕಾದ ಮಜಕೂರು ಕೊಟ್ಟರು. ಇನ್ನು ಹದಿನೈದು ದಿನಕ್ಕೆ ಬರುವ ಸೋಮವಾರ ಬೆಳಿಗ್ಗೆ ಕಂಪೋಸ್ ಮಾಡಿ ತಂದರೆ ಮುಂದಿನ ಕೆಲಸವೆಲ್ಲ ನಿಮಗೇ, ಇಲ್ಲವಾದರೆ ಎಂದಿನಂತೆ ಚಿತ್ತಾಪುರದವರಿಗೆ ಎಂದರು. ಗುಲ್ಬರ್ಗಾದಿಂದ ತಯಾರಾದ ಕಂಪ್ಯೂಟರನ್ನೇ ತಂದುಬಿಡೋಣ ಎಂದಳು ವತ್ಸಲಾ. ಬಿಡಿಭಾಗ ತಂದು ನಾನೇ ಜೋಡಿಸುತ್ತೇನೆ ಎಂದೆ ನಾನು. ಡಬ್ಬಿ, ಪರದೆ, ಕೀಬೋರ್ಡು ಒಂದೊಂದಾಗಿ ಬಂದವು. ಎಲ್ಲವೂ ಯಾವುದರ ಮೇಲೆ ಕೂರಬೇಕೋ ಆ ಮದರ್‌ಬೋರ್ಡ್ ಮಾತ್ರ ಬರಲಿಲ್ಲ, ಏಕೆಂದರೆ ನಾನು ಅದನ್ನು ಇನ್ನೂ ಆರಿಸುತ್ತಿದ್ದೆ. ಕಂಪ್ಯೂಟರ್ ಪತ್ರಿಕೆಗಳನ್ನು ತಂದು ಓದಿದೆ, ಸ್ಟಾಫ್‌ರೂಮಿನಲ್ಲಿ ವಾದ ಮಾಡಿದೆ. ಕೊನೆಗೆ ಕಾರ್ಡು ಸಿಕ್ಕಿಸುವ ಖಾಲಿ ಸ್ಲಾಟುಗಳು ಹೆಚ್ಚಿರುವ ಬೋರ್ಡೇ ಆಗಬೇಕು, ಮುಂದೆ ಬೇಕಾಗುತ್ತದೆ ಎಂದು ತೀರ್ಮಾನಿಸಿದೆ. ಮುಂದೆ ಏನು ಬೇಕಾಗುತ್ತದೆ ಎಂದು ವತ್ಸಲಾ ಕೇಳಿದಾಗ ಇನ್ನೊಂದು ಪತ್ರಿಕೆ ಬಿಚ್ಚಿದೆ.

ಅಂತೂ ಗಡುವಿನ ಹಿಂದಿನ ಶುಕ್ರವಾರ ರಜೆ ಹಾಕಿ ಹೈದರಾಬಾದಿಗೆ ಹೋಗಿ ಅದನ್ನು ತಂದೆ. ಅಂಗಡಿಯವನು ಹತ್ತು ಸಲ ಹೇಳಿ ಕಳಿಸಿದ್ದ: ನಮ್ಮ ಮೈಯಲ್ಲಿ ಕಣ್ಣಿಗೆ ಕಾಣದ ಕರೆಂಟು ಇರುತ್ತದೆ, ಆದ್ದರಿಂದ ಸುಮ್ಮಸುಮ್ಮನೆ ಮುಟ್ಟಬಾರದು. ಮುಟ್ಟಲೇಬೇಕಾದರೆ ಮೊದಲು ಕಬ್ಬಿಣ ಮುಟ್ಟಬೇಕು. ಕೂರಿಸುವ ತನಕ ಬೆಳ್ಳಿ ಬಣ್ಣದ ಕವರಿನಲ್ಲೇ ಇರಬೇಕು, ಉಣ್ಣೆಯನ್ನಂತೂ ಹತ್ತಿರ ತರಲೇಬಾರದು. ನಾನು ಮನೆಗೆ ಬಂದು ಪಡಸಾಲೆಯ ನಡುವೆ ನಿಂತು ಮೊದಲನೆಯದನ್ನು ಮಾತ್ರ ಸಾರಿದೆ. ಯಾರೂ ಮುಟ್ಟಕೂಡದು, ಮುಟ್ಟಿದರೆ ಕೆಟ್ಟುಹೋಗುತ್ತದೆ, ಕೆಟ್ಟದ್ದು ಕಣ್ಣಿಗೂ ಕಾಣುವುದಿಲ್ಲ ಎಂದೆ. ಜನ್ಮವಿಡೀ ಮಡಿಯಲ್ಲೇ ಬದುಕಿದ ಅವ್ವ ತಲೆ ಆಡಿಸಿ, "ಇಷ್ಟ್ ದಿನಕ್ಕ ತಿಳೀತಲ್ಲಪಾ ನಿನಗ" ಎಂದಳು. ಅವ್ವನಿಗೆ ಇಷ್ಟು ಬೇಗ ಅರ್ಥವಾಯಿತೆಂದು ನನಗೆ ಹೆಮ್ಮೆಯೇ ಆಯಿತು.

ಶನಿವಾರ ಬೆಳಗಿನ ಶಾಲೆ ಮುಗಿಸಿ ಬಂದೆ. ಹಿತ್ತಲಿನ ಹಗ್ಗದ ಮೇಲೆ ಆ ಬೆಳ್ಳಿ ಬಣ್ಣದ ಕವರು ನೀರು ತೊಟ್ಟಿಕ್ಕುತ್ತ ತೂಗಾಡುತ್ತಿತ್ತು. ಒಳಗೆ ಓಡಿದರೆ, ದೇವರ ಕೋಣೆಯ ಗೋಡೆಯ ಮಾಡದಲ್ಲಿ ಅವ್ವನ ಧಾಬಳಿ, ಅಂದರೆ ಮಡಿ ಅಡುಗೆಗೆ ಅವಳು ಉಡುವ ಉಣ್ಣೆಯ ವಸ್ತ್ರ, ನೀಟಾಗಿ ಮಡಿಸಿಕೊಂಡು ಕೂತಿತ್ತು. ಅದರ ಹೊಟ್ಟೆಯಲ್ಲಿ ನನ್ನ ಮದರ್‌ಬೋರ್ಡ್. "ರೈಲಿನಾಗ ಬಂದದ್ದು, ಯಾರ್ಯಾರು ಮುಟ್ಯಾರೋ ಏನೋ. ಅದಕ್ಕ ಕವರ್ ತೊಳದು ಹಾಕೀನಿ. ಇದಕ್ಕ ಕೈ ತಾಗಿಸಿಲ್ಲ, ಧಾಬಳಿಲೇ ಹಿಡದು ಇಟ್ಟೀನಿ" ಎಂದಳು. ಚಳಿಗಾಲದ ಒಣ ಹವೆ ಬೇರೆ. ನಾನು ಧಾಬಳಿ ಎಳೆದಾಗ ಅದು ಚಟಚಟ ಎಂದು ಸದ್ದು ಮಾಡಿತು, ನನ್ನ ಕೈಯ ಕೂದಲು ಎದ್ದು ನಿಂತವು. ಸಿಟ್ಟು ನೆತ್ತಿಗೇರಿ ಅದನ್ನು ನೆಲಕ್ಕೆಸೆದು, ಆಡಬಾರದ ಮಾತೆಲ್ಲ ಆಡಿದೆ.

ಸಂಜೆ ಪಡಸಾಲೆಯ ಫರ್ಸಿ ಕಲ್ಲಿನ ನೆಲದ ಮೇಲೆ ಊಟದ ಮಣೆ ಹಾಕಿ, ಅದರ ಮೇಲೆ ಬೋರ್ಡ್ ಇಟ್ಟು ಜೋಡಿಸಲು ಕೂತೆ. ಒಂದು ತಿರುಪು ಬಿಗಿಯುವ ಮುಂಚೆ ಎದ್ದು ಹೋಗಿ ಕಿಟಕಿಯ ಸರಳು ಮುಟ್ಟುವುದು, ಬಂದು ಬಿಗಿಯುವುದು, ಮತ್ತೆ ಏಳುವುದು. ಓಣಿಯಲ್ಲಿ ಹೋಗುವವರು ನಾನು ಕಿಟಕಿಗೆ ಯಾವುದೋ ಹರಕೆ ಹೊತ್ತಿದ್ದೇನೆ ಎಂದುಕೊಂಡಿರಬೇಕು. ಪ್ರೊಸೆಸರಿನ ಮೇಲೆ ಫ್ಯಾನು ಕೂರಿಸಿ ಅದರ ಕೊಂಡಿಯನ್ನು ಒತ್ತುವಾಗ ಕಟ್ ಎಂದ ಸದ್ದು ಬೋರ್ಡಿನದೋ ನನ್ನ ಎದೆಯದೋ ತಿಳಿಯಲಿಲ್ಲ. ಕೊನೆಗೆ ವತ್ಸಲಾಳನ್ನು ಕರೆದು ಸ್ವಿಚ್ ಒತ್ತಿದೆ. ಫ್ಯಾನು ತಿರುಗಿತು, ದೀಪ ಹತ್ತಿತು, ಪರದೆ ಮಾತ್ರ ಕಪ್ಪಗೇ ಇತ್ತು. ಬಿಚ್ಚಿ ಕೂರಿಸಿದೆ, ಮತ್ತೆ ಕಪ್ಪು. ನಿನ್ನ ಧಾಬಳಿ ಇದನ್ನು ಕೊಂದಿತು ಎಂದು ಪಡಸಾಲೆಯ ಹೊಸ್ತಿಲಲ್ಲಿ ಕೂತಿದ್ದ ಅವ್ವನಿಗೆ ಕೇಳುವ ಹಾಗೆ ತೀರ್ಪು ಕೊಟ್ಟೆ. ಮರುದಿನ ಭಾನುವಾರ, ಹೈದರಾಬಾದಿನ ಅಂಗಡಿಯೂ ತೆರೆದಿರುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆಯೂ ಅವ್ವ ಅಡುಗೆಮನೆಗೆ ಹೋಗದೆ ಅದೇ ಹೊಸ್ತಿಲಲ್ಲಿ ಕೂತಿದ್ದಳು. ಪಶ್ಚಾತ್ತಾಪ ಇರಬೇಕೆಂದು ನನಗೆ ಒಳಗೊಳಗೇ ಒಂದಿಷ್ಟು ಸಮಾಧಾನವಾಯಿತು. ವತ್ಸಲಾ ಲಗ್ನಪತ್ರಿಕೆಯ ಮಜಕೂರನ್ನು ಮಡಿಸಿ ಕೈಯಲ್ಲಿ ಹಿಡಿದು, ಮಾಲಕರಿಗೆ ತಿರುಗಿ ಕೊಟ್ಟು ಬರಲು ಚಪ್ಪಲಿ ಮೆಟ್ಟಿದಳು. "ತಪ್ಪು ನಂದೇ ಅದರಿ. ನಿಮ್ಮ ಮಾತು ನಂಬಿ ಹ್ಞೂಂ ಅಂದುಬಿಟ್ಟೆ" ಎಂದಳು. ಅವಳು ಅತ್ತಿದ್ದರೆ ಚೆನ್ನಾಗಿತ್ತು.

ಆಗ ಅವ್ವ ಕೂತಲ್ಲಿಂದಲೇ ಕೇಳಿದಳು: "ಆ ಹಳದಿ-ಕರಿ ವಾಯರಿಂದೊಂದು ತುದಿ ನಿನ್ನೆಯಿಂದ ಹಂಗೇ ಜೋತಾಡ್ಲಿಕತ್ತದಲ್ಲ, ಅದಕ್ಕೆಲ್ಲೂ ಜಾಗಾ ಇಲ್ಲೇನು?"

ಜಾಗ ಇತ್ತು. ಪ್ರೊಸೆಸರಿನ ಪಕ್ಕದಲ್ಲೇ, ಅದಕ್ಕೆ ಕರೆಂಟು ಕೊಡುವ ಚೌಕದ ತೂತುಗಳು ಬಾಯಿ ಬಿಟ್ಟುಕೊಂಡಿದ್ದವು. ಖಾಲಿ ಸ್ಲಾಟುಗಳಿಗಾಗಿಯೇ ಬೋರ್ಡ್ ಆರಿಸಿದವನಿಗೆ ಇನ್ನೊಂದು ಖಾಲಿ ಜಾಗ ವಿಶೇಷವಾಗಿ ಕಂಡಿರಲಿಲ್ಲ. ಕಿಟಕಿ ಮುಟ್ಟಿ ಬಂದು, ಆ ತುದಿಯನ್ನು ಸಿಕ್ಕಿಸಿ, ಸ್ವಿಚ್ ಒತ್ತಿದೆ. ಬೀಪ್ ಎಂದಿತು. ಪರದೆಯ ಮೇಲೆ ಬಿಳಿ ಅಕ್ಷರ ಮೂಡಿದವು. ವತ್ಸಲಾ ಚಪ್ಪಲಿಯಲ್ಲೇ ಒಳಗೆ ಬಂದು ಕುರ್ಚಿ ಎಳೆದುಕೊಂಡಳು. ಅವ್ವ ಆ ಚಪ್ಪಲಿಯನ್ನು ನೋಡಿಯೂ ನೋಡದವಳಂತಿದ್ದಳು.

ಸಂಜೆಯೊಳಗೆ ಪತ್ರಿಕೆ ಮುಗಿಸುತ್ತೇನೆ ಎಂದು ವತ್ಸಲಾ ಸಾಫ್ಟ್‌ವೇರಿನ ಸೀಡಿ ಹಾಕಿದಳು. ನನಗೂ ಈಗ ಹಸಿವೆ ನೆನಪಾಯಿತು. ಅವ್ವಾ, ಇನ್ನಾದರೂ ಅಡುಗೆಗೆ ಏಳು ಎಂದೆ.

"ಧಾಬಳಿ ಒಣಗ್ಲಿ" ಎಂದಳು ಅವ್ವ. "ನೀ ಸಾಲಿಗೆ ಹಾಕ್ಕೊಂಡ ಅರಿವಿಯಾಗ ಮುಟ್ಟಿ ನೆಲದ ಮ್ಯಾಲ ಒಗದಿ. ತೊಳದು ಹಾಕೀನಿ. ಇರೋದು ಅದೊಂದೇ."

ಮಡಿಯಲ್ಲಿ ತಾನು ಬೇಯಿಸದ್ದನ್ನು ಅವ್ವ ಬಾಯಿಗಿಡುವುದಿಲ್ಲ. ಅಂದರೆ ನಿನ್ನೆ ಮಧ್ಯಾಹ್ನದಿಂದ ಅವಳು ಏನೂ ತಿಂದಿರಲಿಲ್ಲ. ಇದ್ದ ಒಂದೇ ಮಡಿಬಟ್ಟೆಯನ್ನು ನನ್ನ ಬೋರ್ಡಿಗೆ ಹೊದಿಸಿ, ಅದನ್ನು ನನ್ನಿಂದಲೇ ಕಳೆದುಕೊಂಡು, ಒಲೆಯ ಹತ್ತಿರ ಹೋಗಲಾಗದೆ ಹೊಸ್ತಿಲಲ್ಲಿ ಕೂತಿದ್ದಳು. ಕೂತದ್ದಕ್ಕೇ ಆ ವಾಯರು ಅವಳ ಕಣ್ಣಿಗೆ ಬಿದ್ದದ್ದು. ನನಗೆ ನಾಚಿಕೆಯಾಯಿತು. ಹಿತ್ತಲಿಗೆ ಹೋದೆ. ಹಗ್ಗದ ಮೇಲೆ ಧಾಬಳಿ ಭಾರವಾಗಿ ಜೋತಿತ್ತು, ಅರ್ಧ ಇನ್ನೂ ನೆರಳಿನಲ್ಲಿತ್ತು. ಬಿಸಿಲಿಗಾದರೂ ಸರಿಸೋಣವೆಂದು ಕೈ ಚಾಚಿದೆ.

"ಮುಟ್ಟಬ್ಯಾಡೋ" ಎಂದಳು ಅವ್ವ ಒಳಗಿನಿಂದ.

"ಮುಟ್ಟಬ್ಯಾಡ್ರಿ" ಎಂದಳು ವತ್ಸಲಾ, ಪರದೆಯಿಂದ ಕಣ್ಣು ತೆಗೆಯದೆ.

ಚಾಚಿದ ಕೈಯನ್ನು ಏನು ಮಾಡಬೇಕೋ ತಿಳಿಯದೆ, ಒಳಗೆ ಬಂದು ಕಿಟಕಿಯ ಸರಳು ಮುಟ್ಟಿ ಕೂತೆ.