ಗಿರಿಜಾ ಉಳಿಸಿದ ನವಿಲು

ಪಕ್ಕದ ಮೇಜಿನವರನ್ನು ಮೆಚ್ಚಿಕೊಳ್ಳುವುದು ಬಲು ಕಷ್ಟದ ಕೆಲಸ. ದೂರದವರನ್ನಾದರೆ ಬಾಯಿ ತುಂಬ ಹೊಗಳಬಹುದು. ಪಕ್ಕದವರು ನಾಳೆಯೂ ಎದುರಿಗೇ ಕೂತಿರುತ್ತಾರಲ್ಲ! ಆದರೂ ಗಿರಿಜಾ ಅವರನ್ನು ಹೊಗಳದೆ ನನಗೆ ಗತಿಯಿಲ್ಲ.

ನಾನು ದೊಡ್ಡಬಳ್ಳಾಪುರದ ಒಂದು ಸೀರೆ ಕಾರ್ಖಾನೆಯಲ್ಲಿ ಕಂಪ್ಯೂಟರಿನ ಮೇಲೆ ಅಂಚು, ಸೆರಗು ಬಿಡಿಸುವವನು. ಆ ಚಿತ್ರದ ಫೈಲು ಊರಾಚೆಯ ಮಗ್ಗದ ಶೆಡ್ಡಿಗೆ ತಾನಾಗಿಯೇ ಹೋಗುವಂತೆ ಸ್ಕ್ರಿಪ್ಟ್ ಬರೆದವರು ವಿಜಯಪುರದ ಗಿರಿಜಾ. ಸ್ಕ್ರಿಪ್ಟ್ ಅಂದರೆ ಕಂಪ್ಯೂಟರಿಗೆ ಬರೆದಿಟ್ಟ ಆಜ್ಞೆಗಳ ಸಾಲು. ಫೈಲು ಕಳಿಸು, ಇಲ್ಲಿರುವುದನ್ನು ಅಳಿಸು. ನನ್ನ ಪ್ರಕಾರ ಅಷ್ಟು ಸಾಕು. ಅವರು ಮಾತ್ರ ನಡುವೆ ನೂರೆಂಟು ತಕರಾರು ತುಂಬಿದ್ದರು. ಅರ್ಧ ಹೋದ ಫೈಲಿಗೆ ಬೇರೆ ಹೆಸರು. ಪೂರ್ತಿ ತಲುಪಿ, ಎರಡೂ ಕಡೆ ತಾಳೆಯಾದ ಮೇಲಷ್ಟೇ ನಿಜವಾದ ಹೆಸರು. ಎಲ್ಲಾದರೂ ಎಡವಿದರೆ ಅಲ್ಲೇ ನಿಂತು, ಪರದೆಯ ಮೇಲೆ ಕೆಂಪಕ್ಷರದಲ್ಲಿ ಕೂಗಾಟ.

“ಮೇಡಂ, ನಿಮ್ ಸ್ಕ್ರಿಪ್ಟಿಗೆ ನಮ್ಮತ್ತೆಗಿಂತ ಜಾಸ್ತಿ ಅನುಮಾನ” ಅಂದಿದ್ದೆ.

“ಇರ್ಲಿ ಬಿಡಿ ಸಾರ್. ಕೆಟ್ಟೋಗಿದ್ರೂ ನೋಡ್ದೆ ಮುಂದಕ್ಕೆ ಹೋಗ್ಬಿಟ್ರೆ ನೀವೇ ಅಳ್ತೀರ” ಅಂದಿದ್ದರು.

ಆ ದಿನ ಮಾಲೀಕರ ಮಗಳ ಮದುವೆ ಸೀರೆಯ ಸರದಿ. ಸೆರಗಿಗೆಂದು ವಾರಗಟ್ಟಲೆ ಕೂತು, ಒಂದೊಂದು ಗರಿಗೂ ಕಣ್ಣು ಸವೆಸಿ ನವಿಲು ಬಿಡಿಸಿದ್ದೆ. ಮಧ್ಯಾಹ್ನ ಕಳಿಸಿದೆ. ವಿಮಾನ ನಿಲ್ದಾಣ ಬಂದ ಮೇಲೆ ನಮ್ಮ ಕಡೆ ಅಗೆಯದ ರಸ್ತೆಯೇ ಇಲ್ಲ. ಅದೇ ಹೊತ್ತಿಗೆ ಶೆಡ್ಡಿನ ದಾರಿಯಲ್ಲಿ ಯಾರೋ ನೆಲ ಅಗೆದು ಕೇಬಲ್ ಕತ್ತರಿಸಿದರು. ಪರದೆ ಕೆಂಪಾಯಿತು. ಮಾಲೀಕರು ಓಡಿ ಬಂದರು.

“ಏನಪ್ಪಾ, ನವಿಲು ಎಲ್ಲೋಯ್ತು?”

ಗಿರಿಜಾ ಕೂತಲ್ಲಿಂದಲೇ ಹೇಳಿದರು: “ಎಲ್ಲೂ ಹೋಗಿಲ್ಲ ಸಾರ್. ಅಲ್ಲಿ ಅರ್ಧ ಐತೆ, ಹೆಸರು ಬೇರೆ ಇರೋದ್ರಿಂದ ಮಗ್ಗ ಅದನ್ನ ಮುಟ್ಟಲ್ಲ. ಇಲ್ಲಿರೋದನ್ನ ಅಳಿಸಿಲ್ಲ. ಲೈನ್ ಬಂದ್ಮೇಲೆ ಮತ್ತೆ ಕಳಿಸ್ತೀನಿ.”

ನನ್ನ ಲೆಕ್ಕದಂತೆ ನಡೆದಿದ್ದರೆ ಆ ಹುಡುಗಿ ಕಾಲಿಲ್ಲದ ನವಿಲನ್ನು ಹೆಗಲ ಮೇಲೆ ಹೊತ್ತು ಧಾರೆಗೆ ಕೂರಬೇಕಿತ್ತು. ಮೂಲ ಚಿತ್ರಕ್ಕೂ ಎಳ್ಳುನೀರು. ಸಂಜೆ ಕೇಬಲ್ ಬೆಸೆದರು, ನವಿಲು ಗರಿ ಕೆದರದೆ ಶೆಡ್ಡು ತಲುಪಿತು. ಎಲ್ಲ ಸರಿಯಿದ್ದಾಗ ನಡೆಯುವಂತೆ ಬರೆಯುವವರು ಬಹಳ ಜನ. ಕೆಟ್ಟ ಗಳಿಗೆಯನ್ನು ಮೊದಲೇ ಕೂರಿಸಿಕೊಂಡು ಮಾತಾಡಿಸಿ, ಏನೂ ಹಾಳಾಗದಂತೆ ಏರ್ಪಾಡು ಮಾಡುವ ಆ ತಲೆಗೆ ನಾನು ಕೈಮುಗಿದೆ, ಎಲ್ಲರೆದುರಿಗೇ.

ಅದೇ ಗುಂಗಿನಲ್ಲಿ ಮನೆಗೆ ಬಂದರೆ ಹೆಂಡತಿ ಕೇಳಿದಳು: “ಮಿಕ್ಸಿ ರಿಪೇರಿಗೆ ಕೊಟ್ರಾ?”

ಎಂದಿನಂತೆ “ಹ್ಞೂಂ, ಆಯ್ತು” ಅನ್ನಲು ಬಾಯಿ ತೆರೆದವನು ತಡೆದುಕೊಂಡು, “ಇಲ್ಲ, ಮರೆತೆ. ಮಿಕ್ಸಿ ಸ್ಕೂಟರಲ್ಲೇ ಭದ್ರವಾಗಿದೆ” ಎಂದು ಹೆಮ್ಮೆಯಿಂದ ವರದಿ ಒಪ್ಪಿಸಿದೆ.

“ಅಂಗಡಿ ಇನ್ನೂ ಮುಚ್ಚಿಲ್ಲ. ಹೊರಡಿ ಮತ್ತೆ” ಅಂದಳು.

ಸತ್ಯ ಹೇಳಿದವನಿಗೆ ಮೊದಲು ಕಾಫಿ ಕೊಡುತ್ತಾರೆಂದು ನಾನೇಕೆ ಅಂದುಕೊಂಡಿದ್ದೆನೋ! ಸ್ಕೂಟರ್ ತಿರುಗಿಸಿದೆ.