ಇನ್ನೂ ಹುಟ್ಟದ ಪಾಟಿ

ಒಂದು ಮಾತನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅಂಗಡಿಯಲ್ಲಿ ಸಿಗುವ ವಸ್ತುಗಳ ಬಗ್ಗೆ ನನಗೆ ಏನೇನೂ ಗೊತ್ತಿಲ್ಲ. ಇನ್ನೂ ತಯಾರಾಗದ ವಸ್ತುಗಳ ಬಗ್ಗೆ ಮಾತ್ರ ನನ್ನಷ್ಟು ತಿಳಿದವರು ಹಿರೇಕೆರೂರಿನಲ್ಲಿ ಮತ್ತೊಬ್ಬರಿಲ್ಲ. ನಮ್ಮ ಮನೆಯ ಮಿಕ್ಸರ್ ಯಾಕೆ ಹಾಗೆ ಅರಚುತ್ತದೆ ಎಂದು ಯಾರಾದರೂ ಕೇಳಿದರೆ ಯಜಮಾನರ ಮುಖ ನೋಡುತ್ತೇನೆ. ಆದರೆ ಬರುವ ವರ್ಷದ ಟ್ಯಾಬ್ಲೆಟ್ಟು ಎಷ್ಟು ತೆಳ್ಳಗಿರುತ್ತದೆ, ಮಡಚಿದರೆ ಎಲ್ಲಿ ಗೆರೆ ಬೀಳುತ್ತದೆ, ಪುಸ್ತಕ ಓದುವ ಹೊಸ ಯಂತ್ರದ ಬ್ಯಾಟರಿ ಎಷ್ಟು ವಾರ ಬರುತ್ತದೆ, ಇವನ್ನೆಲ್ಲ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ತಡವರಿಸದೆ ಹೇಳುತ್ತೇನೆ. ನಾನು ಮಾಸೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಹೆಂಗಸು. ಹೋಗುವಾಗ ಅರ್ಧ ಗಂಟೆ, ಬರುವಾಗ ಅರ್ಧ ಗಂಟೆ ಬಸ್ಸಿನಲ್ಲಿ ಕುಳಿತಿರುತ್ತೇನಲ್ಲ, ಆ ಹೊತ್ತಿನಲ್ಲಿ ಉಳಿದ ಮೇಡಮ್ಮುಗಳು ಸೀರೆ ನೋಡುತ್ತಾರೆ, ನಾನು ಗಾಳಿಸುದ್ದಿ ನೋಡುತ್ತೇನೆ. ಯಾವನೋ ಪುಣ್ಯಾತ್ಮ ಎಲ್ಲಿಯದೋ ಕಾರ್ಖಾನೆಯೊಳಗೆ ಕದ್ದು ತೆಗೆದ ಮಸುಕು ಫೋಟೋ ಒಂದಿರುತ್ತದೆ. ಅದರಲ್ಲಿ ಕಾಣುವುದು ಕಪ್ಪನೆಯ ಒಂದು ಮೂಲೆ ಮಾತ್ರ. ಆ ಮೂಲೆಯೊಂದನ್ನೇ ನೋಡಿ ಬಲ್ಲವರು ಇಡೀ ಯಂತ್ರದ ಜಾತಕ ಬರೆದುಬಿಡುತ್ತಾರೆ. ಅದನ್ನು ಓದುವಾಗ ನನ್ನ ಬಾಯಿ ತೆರೆದೇ ಇರುತ್ತದೆಯಂತೆ. ಹಾಗೆಂದು ಕಂಡಕ್ಟರನೇ ಒಮ್ಮೆ ಹೇಳಿದ್ದಾನೆ.

ಈ ಕೀರ್ತಿ ಹಬ್ಬಿ, ಊರವರು ಏನಾದರೂ ಕೊಳ್ಳುವ ಮೊದಲು ನನ್ನನ್ನು ಕೇಳುವುದು ರೂಢಿಯಾಯಿತು. ಎಲ್ಲರಿಗೂ ನಾನು ಕೊಡುವ ಉತ್ತರ ಒಂದೇ: “ನಿಂದರ್ರಿ, ಇದಕ್ಕಿಂತ ಚೊಲೋದು ಬರಾಕತ್ತೈತಿ.” ನಮ್ಮ ಹೆಡ್‌ಮಾಸ್ತರರು ಈ ಮಾತಿಗೆ ಕಟ್ಟುಬಿದ್ದು ಮೂರು ವರ್ಷದಿಂದ ಒಡೆದ ಫೋನಿಗೆ ರಬ್ಬರ್ ಬ್ಯಾಂಡ್ ಸುತ್ತಿಕೊಂಡು ಓಡಾಡುತ್ತಿದ್ದಾರೆ. ಯಜಮಾನರು ಬೀಜದ ಅಂಗಡಿಯವರು, ಬಿತ್ತಿದ ಮೇಲೆ ಎಷ್ಟನೆಯ ದಿನಕ್ಕೆ ಮೊಳಕೆ ಬರಬೇಕೆಂದು ಲೆಕ್ಕ ಗೊತ್ತಿದ್ದವರು. ಅವರಿಗೆ ನನ್ನ ಈ ಶಾಸ್ತ್ರದ ಮೇಲೆ ನಂಬಿಕೆಯಿಲ್ಲ. “ಅದು ಬರಂಗಿಲ್ಲ, ನೀ ತಗೊಳ್ಳಂಗಿಲ್ಲ, ಇಬ್ಬರದೂ ಚೊಲೊ ಜೋಡಿ,” ಎನ್ನುತ್ತಾರೆ.

ಇಷ್ಟೇ ಆಗಿದ್ದರೆ ನಗೆಚಾಟಿಕೆಯ ಮಾತಾಗಿ ಮುಗಿಯುತ್ತಿತ್ತು. ನಡುವೆ ನಮ್ಮ ಮಾವನವರು ಬಂದರು.

ಮಾವ ಚನ್ನಬಸಪ್ಪನವರು ಕಲಿತದ್ದು ಏಳನೆಯ ಇಯತ್ತೆ. ಆದರೆ ಅಚ್ಚಾದ ಅಕ್ಷರವನ್ನು ಓದದೆ ಬಿಟ್ಟವರಲ್ಲ. ಗೊಬ್ಬರದ ಚೀಲದ ಮೇಲಿನ ಸೂಚನೆಯನ್ನು ಮೇಲಿನಿಂದ ಕೆಳಗಿನತನಕ ಓದಿದ ಮೇಲೆಯೇ ಬಾಯಿ ಬಿಚ್ಚುತ್ತಿದ್ದರು. ಲಗ್ನಪತ್ರಿಕೆ ಬಂದರೆ ಉಳಿದವರು ತಾರೀಖು ನೋಡಿ ಇಟ್ಟುಬಿಡುತ್ತಾರೆ, ಇವರು ಕೆಳಗೆ ಮೂಲೆಯಲ್ಲಿರುವ ಪ್ರೆಸ್ಸಿನ ಹೆಸರಿಗೆ ಮುಟ್ಟಿದ ಮೇಲೆಯೇ ಕನ್ನಡಕ ತೆಗೆಯುವವರು. ಒಮ್ಮೆ ಮಿರ್ಚಿ ಕಟ್ಟಿಕೊಟ್ಟ ಎಣ್ಣೆ ಕಾಗದದಲ್ಲಿ ಯಾವುದೋ ಕತೆ ಅರ್ಧಕ್ಕೆ ಹರಿದುಹೋಗಿತ್ತು. ಮಾವ ಅಂಗಡಿಗೆ ವಾಪಸು ಹೋಗಿ, “ಉಳಿದ ಅರ್ಧದಾಗ ಯಾರಿಗೆ ಮಿರ್ಚಿ ಕಟ್ಟಿಕೊಟ್ಟಿಪಾ?” ಎಂದು ವಿಚಾರಿಸಿಕೊಂಡು ಬಂದರು. ಇಂಥ ಮನುಷ್ಯನ ಕಣ್ಣು ಮಂಜಾಯಿತು. ಪೊರೆ ತೆಗೆಸಿದರೂ ಗುಣ ಕಾಣಲಿಲ್ಲ. ಕಣ್ಣಿನ ಹಿಂದಿನ ಪರದೆಯೇ ಸವೆಯುತ್ತಿದೆ ಎಂದರು ಡಾಕ್ಟರು. “ಹೆಬ್ಬೆಟ್ಟಿನಷ್ಟು ದೊಡ್ಡ ಅಕ್ಷರ ಇದ್ದರ ಓದಬಹುದು. ಅದೂ ಎಷ್ಟು ದಿನಾ ಅಂತ ನಾ ಹೇಳಲಾರೆ. ಓದೂದಿದ್ದರ ಈಗ ಓದಲಿ,” ಎಂದು ನಮ್ಮೆದುರಿಗೇ ಹೇಳಿದರು. ಫೋನು ಕೊಟ್ಟು ನೋಡಿದೆವು. ಆ ಬೆಳಕಿಗೆ ಅವರ ಕಣ್ಣಲ್ಲಿ ಧಾರಾಕಾರ ನೀರು ಬರುತ್ತಿತ್ತು.

ನಮ್ಮ ಕಡೆ ಮಾವ ಸೊಸೆಯರ ನಡುವೆ ಮಾತು ಕಡಿಮೆ ಎಂಬುದನ್ನು ಇಲ್ಲಿ ಹೇಳಬೇಕು. ಜಗಳವೇನಿಲ್ಲ, ಅದು ಮರ್ಯಾದೆಯ ಲಕ್ಷಣ. ಅವರು ಒಳಗೆ ಬರುವ ಮೊದಲು ಹೊಸ್ತಿಲಲ್ಲಿ ಒಮ್ಮೆ ಕೆಮ್ಮುತ್ತಾರೆ, ನಾನು ಸೆರಗು ಸರಿಮಾಡಿಕೊಂಡು ಏಳುತ್ತೇನೆ. ಹನ್ನೆರಡು ವರ್ಷದಲ್ಲಿ “ಊಟಕ್ಕ ಏಳ್ರಿ ಮಾವಾರ” ಎಂಬುದನ್ನು ಬಿಟ್ಟು ನಾನು, “ಹೂಂ” ಎಂಬುದನ್ನು ಬಿಟ್ಟು ಅವರು, ಹೆಚ್ಚಿಗೆ ಏನೂ ಆಡಿದ್ದು ನೆನಪಿಲ್ಲ. ಯುಗಾದಿಯ ಹಿಂದುಮುಂದಿನ ಒಂದು ಸಂಜೆ ಅವರು ಅಡಿಗೆಮನೆಯ ಹೊಸ್ತಿಲಿಗೆ ಬಂದು, ಕೆಮ್ಮಿ, ಗೋಡೆಯ ಕಡೆ ಮುಖ ಮಾಡಿ, “ಗಿರಿಜಾ, ಅದೇನೋ ಪಾಟಿ ಇರ್ತೈತಂತಲ್ಲ, ಅಕ್ಷರ ಬೇಕಾದಷ್ಟು ಹಿಗ್ಗಸೂದು. ನಿನಗ ಗೊತ್ತಿರಬೇಕು,” ಎಂದರು. ನಾವು ಸಣ್ಣಂದಿನಲ್ಲಿ ಬಳಪ ಹಿಡಿದು ಬರೆದ ಸ್ಲೇಟೂ ಪಾಟಿಯೇ, ಅವರ ಲೆಕ್ಕದಲ್ಲಿ ಇದೂ ಪಾಟಿಯೇ. ಆ ಮನುಷ್ಯ ನನ್ನ ಬಳಿ ಏನಾದರೂ ಕೇಳಿದ್ದು ಅದೇ ಮೊದಲು. ನನಗೆ ಸಂಭ್ರಮ ತಡೆಯಲಾಗಲಿಲ್ಲ. ಸಂಭ್ರಮದಲ್ಲಿ ಏನು ಹೇಳಿದೆ ಗೊತ್ತೇ? “ನಿಂದರ್ರಿ ಮಾವಾರ. ಈಗಿನದರಾಗ ಒತ್ತಕ್ಷರ ಸರಿ ಕೂಡಂಗಿಲ್ಲಂತ. ಪಂಚಮಿ ಹೊತ್ತಿಗೆ ಹೊಸದು ಬರ್ತೈತಿ, ಬಣ್ಣದ್ದು!”

“ಬಣ್ಣದ್ದ?” ಎಂದರು ಮಾವ. ಗೋಡೆಯಿಂದ ಮುಖ ನನ್ನ ಕಡೆ ತಿರುಗಿತು.

ಅಲ್ಲಿಂದ ಶುರುವಾಯಿತು ನೋಡಿ. ದಿನಾ ಸಂಜೆ ಚಹಾ ಹಿಡಿದು ಪಡಸಾಲೆಗೆ ಹೋದರೆ, “ಏನಂತವಾ ಇವತ್ತು ಪಾಟಿ ಸುದ್ದಿ?” ಎಂದು ಅವರೇ ಕೇಳುವರು. ಈ ಯಂತ್ರದ ಕಾಗದದಂಥ ಪರದೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕರಿ ಬಿಳಿ ಕಣಗಳಿರುತ್ತವೆ, ಕರಿಯವು ಮೇಲೆ ಬಂದಲ್ಲಿ ಅಕ್ಷರ, ಬಿಳಿಯವು ಬಂದಲ್ಲಿ ಕಾಗದ ಎಂದು ವಿವರಿಸಲು ಒಂದು ದಿನ ತಾಟಿನಲ್ಲಿ ಕರಿ ಎಳ್ಳು, ಬಿಳಿ ಎಳ್ಳು ಹಾಕಿಕೊಂಡೇ ಕುಳಿತೆ. ಮಾವ ತಾಟಿಗೆ ಮೂಗು ತಾಗಿಸುವಷ್ಟು ಬಗ್ಗಿ ನೋಡಿದರು. “ಇವನ್ನ ಎಬ್ಬಸವ್ರು ಯಾರು?” ಎಂದರು. ಕರೆಂಟು ಎಂದೆ. “ಮತ್ತ ಕರೆಂಟ್ ಹೋದ್ರ?” “ಹೋದ್ರೂ ಎದ್ದ ಅಕ್ಷರ ಎದ್ದಂಗ ಇರ್ತಾವ್ರಿ. ಪುಟಾ ತಿರುವೂದಕ್ಕಷ್ಟ ಕರೆಂಟ್ ಬೇಕು.” ನಮ್ಮೂರಲ್ಲಿ ಕರೆಂಟು ಹೋದ ಮೇಲೂ ಉಳಿಯುವುದೊಂದು ಇದೆಯೆಂಬುದು ಅವರಿಗೆ ಸಾಮಾನ್ಯ ಸಂಗತಿಯಾಗಿರಲಿಲ್ಲ. “ಎಂಥಾ ಮಂದಿ ಅದಾರವಾ ಜಗತ್ತಿನಾಗ,” ಎಂದರು. ಹೇಳುತ್ತಿದ್ದ ನನಗೂ ಮೈ ಜುಮ್ಮೆಂದಿತು. ಎಷ್ಟೋ ವರ್ಷದಿಂದ ಮಕ್ಕಳಿಗೆ ವಿದ್ಯುತ್ತಿನ ಪಾಠ ಮಾಡುತ್ತಿದ್ದೇನೆ, ಒಬ್ಬರೂ ಹೀಗೆ ಬೆರಗಾಗಿ ಕೇಳಿದ್ದಿಲ್ಲ. ಆ ಎಳ್ಳನ್ನು ಆಮೇಲೆ ಬೇರೆ ಮಾಡಲು ನನಗೆ ಒಂದು ತಾಸು ಹಿಡಿಯಿತು.

ಪಂಚಮಿ ಬಂತು, ಉಂಡಿ ಕಟ್ಟಿದ್ದಾಯಿತು, ಪಾಟಿ ಬರಲಿಲ್ಲ. ದಸರಾಕ್ಕೆ ಬರುತ್ತದೆಂದು ಓದಿದೆ, ಮಾವನಿಗೂ ಹೇಳಿದೆ. ದಸರಾ ದಾಟಿದ ಮೇಲೆ ದೀಪಾವಳಿಗೆ ಖಂಡಿತ ಎಂದರು ಆ ಮಸುಕು ಫೋಟೋದವರು. ಒಮ್ಮೆ ಬಿಸಿಲಲ್ಲಿ ಚಾರ್ಜ್ ಆಗುವುದೆಂಬ ಸುದ್ದಿ, ಇನ್ನೊಮ್ಮೆ ನೀರಲ್ಲಿ ಮುಳುಗಿಸಿದರೂ ಏನೂ ಆಗುವುದಿಲ್ಲವೆಂಬ ಸುದ್ದಿ. “ಮಡಗ ಕೆರಿಯಾಗ ಮುಳುಗಿಸಿದ್ರೂ?” ಎಂದು ಮಾವ ಕೇಳಿದಾಗ, “ಹೂಂ ಮತ್ತ!” ಎಂದುಬಿಟ್ಟೆ, ನಾನೇ ತಯಾರು ಮಾಡಿದವಳ ಹಾಗೆ. ಅವರು ಒಮ್ಮೆಯೂ “ಯಾವಾಗ ತರ್ತಿ?” ಎನ್ನಲಿಲ್ಲ. ನಮ್ಮಲ್ಲಿ ಹಿರಿಯರು ಸೊಸೆಯನ್ನು ಒಂದು ವಸ್ತುವಿಗಾಗಿ ಎರಡನೆಯ ಸಲ ಕೇಳುವುದಿಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಕೇಳಲಿಲ್ಲವೆಂದರೆ ಅವಸರವಿಲ್ಲ ಎಂದುಕೊಂಡೆ. ಹೀಗೆ ಎಂಟು ತಿಂಗಳು ಕಳೆಯಿತು.

ದೀಪಾವಳಿ ಆದ ಮೇಲೆ ಒಂದು ದಿನ ಹಾನಗಲ್ಲಿನಲ್ಲಿ ಶಿಕ್ಷಕರಿಗೆ ಏನೋ ತರಬೇತಿ ಇತ್ತು. ದಿನಾ ಎಂಟಕ್ಕೇ ಬಸ್ಸು ಹತ್ತುವವಳು ಅಂದು ಹನ್ನೊಂದಕ್ಕೆ ಹಿರೇಕೆರೂರಿನ ಬಸ್‌ಸ್ಟ್ಯಾಂಡಿಗೆ ಹೋದೆ. ನೋಡುತ್ತೇನೆ, ಕಲ್ಲುಬೆಂಚಿನ ಮೇಲೆ ನಮ್ಮ ಮಾವ! ಧೋತರ, ಟೊಪ್ಪಿಗೆ, ಕೈಯಲ್ಲಿ ಕೊಡೆ. ಮಠದ ಕಟ್ಟೆಗೆ ಹರಟೆಗೆ ಹೋಗುತ್ತಾರೆಂದು ನಾವೆಲ್ಲ ತಿಳಿದಿದ್ದೆವು. ಒಂದು ಬಸ್ಸು ಬಂದು ನಿಂತಿತು. ಮಾವ ಎದ್ದು ಅದರ ಮುಂದೆ ಹೋಗಿ, ಮುಖ ಮೇಲಕ್ಕೆತ್ತಿ, ತುಟಿ ಅಲ್ಲಾಡಿಸುತ್ತ ನಿಂತರು. ಆಮೇಲೆ ಬಂದು ಕುಳಿತರು. ಇನ್ನೊಂದು ಬಂತು, ಮತ್ತೆ ಹಾಗೆಯೇ. ಯಾವ ಊರಿಗೆ ಹೊರಟಿದ್ದಾರೋ, ಬಸ್ಸು ತಪ್ಪಿಸಿಕೊಳ್ಳುತ್ತಿದ್ದಾರೋ ಎಂದು ನನಗೆ ಗಾಬರಿ. ಪಕ್ಕದಲ್ಲಿ ನಿಂತಿದ್ದ ಕಂಡಕ್ಟರ್ ನಕ್ಕ. “ಯಜಮಾನ್ರು ಎಲ್ಲಿಗೂ ಹೋಗಂಗಿಲ್ರಿ ಅಕ್ಕಾರ. ದಿನಾ ಬರ್ತಾರ, ಬೋರ್ಡ್ ಓದ್ತಾರ, ಮನಿಗೆ ಹೋಗ್ತಾರ. ಭಾಳ ತಿಂಗಳಾತು.”

ಹತ್ತಿರ ಹೋಗಿ ಮಾತಾಡಿಸಿದೆ. ಕಳ್ಳತನದಲ್ಲಿ ಸಿಕ್ಕವರಂತೆ ಮಾವ ಕೊಡೆಯನ್ನು ಆ ಕೈಯಿಂದ ಈ ಕೈಗೆ ಬದಲಿಸಿದರು. “ಅಕ್ಷರ ಇಷ್ಟ ದೊಡ್ಡವು ಬ್ಯಾರೆ ಕಡೆ ಎಲ್ಲಿ ಸಿಗ್ತಾವ ಹೇಳವಾ,” ಎಂದರು. ಆಮೇಲೆ ಸ್ವಲ್ಪ ಹುರುಪು ಬಂತು. “ಶಿಗ್ಗಾಂವಿ ಬೋರ್ಡ್ ಬರದಾಂವ ಭಾಳ ಚೊಲೊ ಬರದಾನ. ಸವಣೂರಿನ ಬಣ್ಣಾ ಕಿತ್ತೈತಿ, ಆದ್ರೂ ತಿಳೀತೈತಿ. ಆ ಕೆಂಪನ್ನ ಓಡೂ ಅಕ್ಷರದವು ಅದಾವಲ್ಲ, ಅವು ಬ್ಯಾಡ, ಓದೂದರಾಗ ಓಡಿ ಹೋಗ್ತಾವ.” ಅವರೇ ಸಮಾಧಾನ ಹೇಳುವವರಂತೆ, “ನೀ ಹೇಳಿದ್ದು ಬರೂತನ ಓದೂ ರೂಢಿ ತಪ್ಪಬಾರದಲ್ಲ, ಅದಕ್ಕ,” ಎಂದರು.

ಹಾನಗಲ್ ಬಸ್ಸು ಬಂತು, ಹೋಯಿತು. ನಾನು ಅಲ್ಲೇ ಬೆಂಚಿನ ಮೇಲೆ ಕುಳಿತು, ಎಂಟು ತಿಂಗಳು ಯಾವ ಫೋನಿನಲ್ಲಿ ಗಾಳಿಸುದ್ದಿ ಓದಿದ್ದೆನೋ ಅದೇ ಫೋನಿನಲ್ಲಿ, ತಯಾರಿದ್ದ ಒಂದು ಯಂತ್ರವನ್ನು ತರಿಸಲು ಹೇಳಿದೆ. ಬಣ್ಣವಿಲ್ಲದ್ದು, ಮಡಚಲು ಬಾರದ್ದು, ಹಳೆಯದು. ನಾಲ್ಕು ನಿಮಿಷದ ಕೆಲಸ. ನಾಚಿಕೆಯಿಂದ ಮುಖ ಬಿಸಿಯಾಗಿತ್ತು. ಮಾವ ಅಷ್ಟರಲ್ಲಿ ರಟ್ಟೀಹಳ್ಳಿಯ ಬಸ್ಸನ್ನು ಓದಿ ಬಂದರು.

ಮೂರನೆಯ ದಿನ ಅದು ಬಂತು. ಡಬ್ಬಿ ಬಿಚ್ಚಿದೆ, ಚಾಲೂ ಮಾಡಿದೆ, ಪುಸ್ತಕವೊಂದನ್ನು ಇಳಿಸಿದೆ. ಅಕ್ಷರಗಳು ಸಾಸಿವೆ ಕಾಳಿನಷ್ಟಿದ್ದವು. ದೊಡ್ಡದು ಮಾಡುವುದು ಎಲ್ಲಿ? ಅಲ್ಲಿ ಒತ್ತಿದೆ, ಇಲ್ಲಿ ಒತ್ತಿದೆ. ಒಮ್ಮೆ ಪುಸ್ತಕವೇ ಮಾಯವಾಯಿತು, ಒಮ್ಮೆ ಎಲ್ಲವೂ ಇಂಗ್ಲಿಷಾಯಿತು. ಬರುವ ವರ್ಷದ ಯಂತ್ರವಾಗಿದ್ದರೆ ಕಣ್ಣು ಮುಚ್ಚಿ ಹೇಳುತ್ತಿದ್ದೆ, ಕೈಯಲ್ಲಿದ್ದದ್ದು ಮಾತ್ರ ನನಗೆ ತಿಳಿಯಲಿಲ್ಲ. ಅರ್ಧ ಗಂಟೆ ನನ್ನ ಒದ್ದಾಟ ಕೇಳಿಸಿಕೊಂಡ ಮಾವ, “ತಾ ಇಲ್ಲೆ, ಮೊದಲ ಪೂಜಿ ಆಗಬೇಕು ಅದಕ್ಕ,” ಎಂದು ಇಸಿದುಕೊಂಡು ದೇವರ ಜಗಲಿಯ ಮುಂದೆ ಕುಳಿತರು. ನಮ್ಮಲ್ಲಿ ಹೊಸ ವಸ್ತು ಯಾವುದೇ ಬರಲಿ, ವಿಭೂತಿ ಕಾಣದೆ ಕೆಲಸಕ್ಕೆ ಇಳಿಯುವುದಿಲ್ಲ. ಟ್ರ್ಯಾಕ್ಟರಿಗಾದರೂ ಸರಿ, ಕುಕ್ಕರಿಗಾದರೂ ಸರಿ. ಬೇಡ ಎನ್ನುವಷ್ಟರಲ್ಲಿ ಮೂರು ಬೆರಳನ್ನು ವಿಭೂತಿಯಲ್ಲಿ ಅದ್ದಿ, ಪರದೆಯ ಮೇಲೆಯೇ ಅಗಲವಾಗಿ ಎಳೆದುಬಿಟ್ಟರು.

ಅಕ್ಷರಗಳು ಹಿಗ್ಗಿದವು! ಮತ್ತೊಮ್ಮೆ ಎಳೆದರು, ಮತ್ತೂ ಹಿಗ್ಗಿದವು. ಬೆರಳು ಅಗಲಿಸಿದರೆ ಅಕ್ಷರ ದೊಡ್ಡದಾಗುವಂತೆ ಮಾಡಿಟ್ಟಿರುತ್ತಾರೆ, ಎಳೆಯುವಾಗ ಮೂರರಲ್ಲಿ ಎರಡು ಬೆರಳು ಅಗಲಿ ಆ ಕೆಲಸ ಮಾಡಿವೆ, ಅಷ್ಟೇ. ವಿಜ್ಞಾನದ ಮೇಡಮ್ಮಾಗಿ ಅದನ್ನು ಹೇಳಬೇಕಾಗಿತ್ತು. ಆದರೆ ಆ ಹೊತ್ತಿನಲ್ಲಿ ನಾನೂ ಕೈ ಮುಗಿದೆ, ಸುಳ್ಳು ಯಾಕೆ ಹೇಳಲಿ. ವಿಭೂತಿಯ ಮೂರು ಗೆರೆಗಳ ಹಿಂದೆ ಹೆಬ್ಬೆಟ್ಟಿನಷ್ಟು ದಪ್ಪ ಕರಿ ಅಕ್ಷರಗಳು ನಿಂತಿದ್ದವು. ಮಾವ ಧೋತರದ ಚುಂಗಿನಿಂದ ಗಾಜು ಒರೆಸಿ, ಮುಖದ ಹತ್ತಿರ ಹಿಡಿದು, ಒಂದೊಂದೇ ಪದ ಕೂಡಿಸಿ ಗಟ್ಟಿಯಾಗಿ ಓದಿದರು: “ಎಲ್ಲ... ಹಕ್ಕುಗಳನ್ನು... ಕಾದಿರಿಸಲಾಗಿದೆ.” ಕತೆ ಮುಂದಿನ ಪುಟದಲ್ಲಿದೆ ಮಾವಾರ ಎಂದೆ. “ಇರಲಿ ಬಿಡು, ಇದೂ ಓದಾಕಂತನ ಬರದದ್ದಲ್ಲೇನು?” ಎಂದವರ ದನಿ ಒಡೆಯಿತು. ಟೊಪ್ಪಿಗೆ ತೆಗೆದು ಪಕ್ಕಕ್ಕಿಟ್ಟು, ಮೊದಲಿಂದ ಅದನ್ನೇ ಇನ್ನೊಮ್ಮೆ ಓದಿದರು.

ಇದಾಗಿ ತಿಂಗಳಾಯಿತು. ಮಾವ ಈಗ ಬಸ್‌ಸ್ಟ್ಯಾಂಡಿಗೆ ಹೋಗುವುದಿಲ್ಲ. ಬೆಳಿಗ್ಗೆ ಪಡಸಾಲೆಯಲ್ಲಿ ಕುಳಿತರೆ ಊಟಕ್ಕೆ ಏಳಿಸಲು ಮೂರು ಸಲ ಕರೆಯಬೇಕು. ಪುಟ ತಿರುವಲು ಬೆರಳನ್ನು ನಾಲಿಗೆಗೆ ಹಚ್ಚಿಕೊಳ್ಳುವ ಅಭ್ಯಾಸ ಹೋಗಿಲ್ಲ, ಹಾಗಾಗಿ ಒಮ್ಮೊಮ್ಮೆ ಹನ್ನೊಂದು ಪುಟ ಒಟ್ಟಿಗೆ ಹಾರುತ್ತದೆ, ತಾಳ್ಮೆಯಿಂದ ಹನ್ನೊಂದನ್ನೂ ಹಿಂದಕ್ಕೆ ತರುತ್ತಾರೆ. ಹೋದ ವಾರ ಧೈರ್ಯ ಮಾಡಿ ಕೇಳಿಯೇಬಿಟ್ಟೆ: “ಎಂಟು ತಿಂಗಳು ಯಾಕ ಸುಮ್ಮನಿದ್ರಿ ಮಾವಾರ? ಒಮ್ಮೆ ಬೈದಿದ್ರ ಅವತ್ತ ತರಸ್ತಿದ್ನಿ.”

ಮಾವ ಪಾಟಿಯಿಂದ ಕಣ್ಣು ತೆಗೆಯದೆ ಹೇಳಿದರು: “ತರಿಸಿದ್ರ ನೀ ಸುದ್ದಿ ಹೇಳೂದು ನಿಲ್ಲಸ್ತಿದ್ದಿ. ಹನ್ನೆರಡು ವರ್ಷದ ಮ್ಯಾಲೆ ಮನಿಯಾಗ ಮಾತಾಡಾಕತ್ತಿದ್ದಿ. ಕೇಳಾಕ ಚೊಲೊ ಅನಸ್ತಿತ್ತು. ಯಾಕ ಕೆಡಸೂದು ಅಂತ ಸುಮ್ಮನಿದ್ನಿ.”

ಚಹಾದ ಲೋಟ ಅವರ ಮುಂದಿಟ್ಟು, ಅಂದೇ ಬಸ್ಸಿನಲ್ಲಿ ಓದಿದ ಬಿಸಿಬಿಸಿ ಸುದ್ದಿ ತೆಗೆದೆ. “ಕೇಳ್ರಿಲ್ಲೆ ಮಾವಾರ, ಬರೂ ವರ್ಷದ್ದು ಚಾಪಿ ಸುತ್ತಿದಂಗ ಸುತ್ತಿ ಕಿಸೇದಾಗ ಇಡೂದಂತ...”

ಮಾವ ತೋರುಬೆರಳು ಮೇಲೆತ್ತಿದರು. “ಒಂದ ಪುಟ ತಡಿಯವಾ.”

ಅವರ ಪುಟದಲ್ಲಿ ಇರುವುದು ನಾಲ್ಕೇ ಪದ. ಮೊದಲ ಪದ ಓದಿದರು, ಎರಡನೆಯದಕ್ಕೆ ಬಂದರು, ಯಾಕೋ ಮತ್ತೆ ಮೊದಲನೆಯದಕ್ಕೆ ಹೋದರು. ನಾನು ಮೆಟ್ಟಿಲ ಮೇಲೆ ಕುಳಿತುಕೊಂಡು, “ಆಗಲ್ರಿ ಮಾವಾರ, ನನಗೇನ ಅವಸರ ಇಲ್ಲ,” ಎಂದೆ. ಅವರಿಗೆ ಕೇಳಿಸಲಿಲ್ಲ.